ಎಡಗೈಗೆ ಕಟ್ಟಿದ ಹೆಜ್ಜೆ

ಐದನೆಯ ತರಗತಿಯ ಗೋಡೆಯ ಮೇಲೆ ಆ ಹುಡುಗಿಯ ಹೆಸರಿನ ಮುಂದೆ ಕೆಂಪು ಬಣ್ಣ ಬಂದದ್ದು ಒಂದು ಸೋಮವಾರ. ಪಕ್ಕದಲ್ಲಿ ಅಳುಮೋರೆಯ ಗುಂಡು ಮುಖವೊಂದನ್ನು ಬೇರೆ ಅಂಟಿಸಿದ್ದರು. ಕೆಂಪು ಎಂದರೆ ಆ ಮಗು ನಡೆಯುವುದಿಲ್ಲ, ಓಡುವುದಿಲ್ಲ, ಮನೆಯಲ್ಲಿ ಕೂತೇ ಇರುತ್ತದೆ ಎಂದು ಅರ್ಥ. ಯಾರೋ ಅವಸರದಲ್ಲಿ ಬೇರೆಯವರ ಬಣ್ಣವನ್ನು ಇವಳ ಹೆಸರಿಗೆ ಹಚ್ಚಿದ್ದಾರೆ ಎಂದುಕೊಂಡು ನಾನು ಮೊದಲು ನಕ್ಕೆ. ಹಾಗಲ್ಲ, ಅದು ಅವಳದೇ ಬಣ್ಣ ಎಂದು ಗೊತ್ತಾದ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದೇ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ, ಓದುವವರು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ನಾನು ಪುಣೆಯ ಹಡಪಸರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮದು ಬಾಗಲಕೋಟೆ ಕಡೆಯ ಬಟ್ಟೆ ವ್ಯಾಪಾರದ ಮನೆತನ, ಅಜ್ಜನ ಕಾಲಕ್ಕೇ ಪುಣೆಗೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಸಿಟ್ಟು ಬಂದಾಗ ಮಾತ್ರ ಮೂರೂ ಒಟ್ಟಿಗೆ ಬರುತ್ತವೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಮೊದಲು ನನ್ನ ಮುಖವನ್ನೇ ನೋಡುತ್ತಾರೆ.

ಹೆಜ್ಜೆ ಎಣಿಸುವ ಪಾಠ ಶುರುವಾದದ್ದು ನನ್ನಿಂದಲೇ, ಯಂತ್ರ ಗಿಂತ್ರ ಏನೂ ಇಲ್ಲದೆ. ಸರಾಸರಿ ಎಂಬ ಮಾತು ಕೇಳಿದರೆ ಸಾಕು, ಮಕ್ಕಳ ಮುಖ ಬಾಡುತ್ತಿತ್ತು. ಪುಸ್ತಕದ ಲೆಕ್ಕಗಳೋ, ಯಾರೋ ಹಣ್ಣು ಕೊಂಡದ್ದು, ಯಾರೋ ರೈಲು ಹತ್ತಿದ್ದು. ಅವರ ಹಣ್ಣು ಇವರ ಬಾಯಿಗೆ ಬರುವುದಿಲ್ಲ. ಒಂದು ದಿನ ಪುಸ್ತಕ ಮುಚ್ಚಿಸಿ ಎಲ್ಲರನ್ನೂ ವರಾಂಡಕ್ಕೆ ಕರೆದುಕೊಂಡು ಹೋದೆ. ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಯಿಂದ ಹಿಮ್ಮಡಿಗೆ ಅಳೆದು, ಪ್ರತಿಯೊಬ್ಬರೂ ನಾಲ್ಕೈದು ಹೆಜ್ಜೆಯ ಸರಾಸರಿ ತೆಗೆದು ತಮ್ಮ ತಮ್ಮ ಹೆಜ್ಜೆಯ ಉದ್ದ ಬರೆದುಕೊಂಡರು. ಆಮೇಲೆ ತರಗತಿಯ ಬಾಗಿಲಿನಿಂದ ಮೈದಾನದ ಆಚೆಯ ನಲ್ಲಿಯವರೆಗೆ ನಡೆದು ಎಣಿಸಬೇಕು. ಎಣಿಕೆ ತಪ್ಪಬಾರದೆಂದು ಎಲ್ಲರಿಗೂ ಮುಷ್ಟಿ ತುಂಬ ಹುಣಸೆ ಬೀಜ ಕೊಟ್ಟಿದ್ದೆ. ಹತ್ತು ಹೆಜ್ಜೆಗೊಮ್ಮೆ ಒಂದು ಬೀಜ ಬಲ ಕಿಸೆಯಿಂದ ಎಡ ಕಿಸೆಗೆ ಹೋಗಬೇಕು.

ಉದ್ದ ಕಾಲಿನವರ ಹೆಜ್ಜೆ ಕಡಿಮೆ ಬಂತು, ಗಿಡ್ಡ ಕಾಲಿನವರದು ಹೆಚ್ಚು ಬಂತು. ಗುಣಿಸಿ ನೋಡಿದರೆ ಎಲ್ಲರ ದೂರವೂ ಹೆಚ್ಚು ಕಡಿಮೆ ಒಂದೇ. ಆಗ ಆ ಮಕ್ಕಳ ಮುಖ ನೋಡಬೇಕಿತ್ತು. ಲೆಕ್ಕ ಎಂಬುದು ತಮ್ಮ ಕಾಲಿನಲ್ಲೇ ಇದೆ ಎಂದು ಅವರಿಗೆ ಅವತ್ತು ತಿಳಿಯಿತು. ಮರುದಿನದಿಂದ ಗಣಿತದ ಅವಧಿ ಬಂದರೆ ತಾವಾಗಿಯೇ ಬಾಗಿಲ ಬಳಿ ಸಾಲು ನಿಲ್ಲುತ್ತಿದ್ದರು. ದಪ್ಪಗಿದ್ದು ಓಡಲು ನಾಚುವ ಮಕ್ಕಳೂ ಲೆಕ್ಕದ ನೆಪದಲ್ಲಿ ಮೈದಾನ ಸುತ್ತಿ ಬಂದರು.

ಆ ದಿನ ಎಲ್ಲರಿಗಿಂತ ಮೊದಲು ಗುಣಾಕಾರ ಮುಗಿಸಿದ್ದು ಆ ಹುಡುಗಿ. ಅವಳದು ಯಾದಗಿರಿ ಕಡೆಯ ಮನೆ. ಅಪ್ಪ ಕಾಲುವೆಯ ಆಚೆ ಏಳುತ್ತಿರುವ ಒಂದು ಗಗನಚುಂಬಿ ಕಟ್ಟಡದಲ್ಲಿ ಕಬ್ಬಿಣದ ಸರಳು ಕಟ್ಟುತ್ತಾನೆ, ಅವ್ವ ಅಲ್ಲೇ ಗಾರೆಯ ಬುಟ್ಟಿ ಹೊರುತ್ತಾಳೆ. ಬಡ ಮಕ್ಕಳಿಗೆಂದು ಸರ್ಕಾರದ ನಿಯಮದಂತೆ ಮೀಸಲಿಟ್ಟ ಸೀಟಿನಲ್ಲಿ ಅವಳು ನಮ್ಮ ಶಾಲೆಗೆ ಬಂದಿದ್ದಳು. ಇಡೀ ಶಾಲೆ ನನ್ನನ್ನು ‘ಮಿಸ್’ ಎಂದರೆ ಅವಳೊಬ್ಬಳು, ಹತ್ತಿರ ಯಾರೂ ಇಲ್ಲದಾಗ ಮಾತ್ರ, ನಮ್ಮ ಕಡೆ ಟೀಚರಮ್ಮನನ್ನು ಕರೆಯುವ ಹಾಗೆ ‘ಅಕ್ಕೋರ’ ಎನ್ನುತ್ತಿದ್ದಳು. ಅವತ್ತು ಹೆಜ್ಜೆಯ ಉದ್ದ ಅಳೆಯುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ಅಕ್ಕೋರ, ಯಾವ ಹೆಜ್ಜಿ ಬರೀಲ್ರಿ? ಖಾಲಿ ಇದ್ದಾಗಿಂದೋ, ಎತ್ಗೊಂಡಾಗಿಂದೋ?”

ಪಾಟೀಚೀಲದ ಮಾತು ಇರಬೇಕು ಎಂದುಕೊಂಡೆ. “ಖಾಲಿ ಇದ್ದಾಗಿಂದ ಬರಿಯವ್ವ” ಅಂದೆ. ತಲೆಯಾಡಿಸಿ ಹೋದಳು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯದೊಂದು ನಡೆಯುತ್ತಿದ್ದರೆ ದೊಡ್ಡವರ ಕಣ್ಣು ಅದರ ಮೇಲೆ ಬೀಳದೆ ಇರುತ್ತದೆಯೇ? ನಮ್ಮ ಪ್ರಿನ್ಸಿಪಾಲ್ ಮೇಡಂ ವರಾಂಡದಲ್ಲಿ ನಿಂತು ಎರಡು ದಿನ ನೋಡಿದರು. ಮೂರನೆಯ ವಾರ ಒಬ್ಬ ಸಿರಿವಂತ ಪಾಲಕರ ಕೊಡುಗೆಯಾಗಿ ಪೆಟ್ಟಿಗೆಗಟ್ಟಲೆ ರಬ್ಬರಿನ ಕೈಪಟ್ಟಿಗಳು ಬಂದವು. ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಂಡರೆ ಸಾಕು, ಹೆಜ್ಜೆಯನ್ನು ಅದೇ ಎಣಿಸುತ್ತದಂತೆ. ಬಲಗೈ ಬರೆಯಲು ಬೇಕು, ಆದ್ದರಿಂದ ಎಲ್ಲರೂ ಎಡಗೈಗೇ ಕಟ್ಟಬೇಕು ಎಂದು ನಿಯಮ ಮಾಡಿದರು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಿಚ್ಚುವಂತಿಲ್ಲ. ಶಿಕ್ಷಕರಿಗೂ ಒಂದೊಂದು ಕೊಟ್ಟರು. ಪ್ರತಿ ಸೋಮವಾರ ಆಟದ ಸರ್ ಎಲ್ಲರ ಪಟ್ಟಿ ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಅದು ಹಸಿರು, ಹಳದಿ, ಕೆಂಪು ಎಂದು ಬಣ್ಣ ಕೊಡುತ್ತಿತ್ತು. ಆ ಬಣ್ಣಗಳ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸುತ್ತಿದ್ದರು.

ಹುಣಸೆ ಬೀಜ ಕಸದ ಬುಟ್ಟಿಗೆ ಹೋಯಿತು. ಅದರ ಹಿಂದೆಯೇ ಗಣಿತವೂ ಹೋಯಿತು. ಎಣಿಸುವುದು ಯಂತ್ರ, ಕೂಡಿಸುವುದು ಯಂತ್ರ, ಸರಾಸರಿ ತೆಗೆಯುವುದು ಯಂತ್ರ. ಮಕ್ಕಳ ಪಾಲಿಗೆ ಉಳಿದದ್ದು ಬಣ್ಣ ನೋಡಿ ಒಬ್ಬರನ್ನೊಬ್ಬರು ಅಣಕಿಸುವುದು. ಸೊಸೈಟಿಯ, ಅಂದರೆ ಎತ್ತರದ ಅಪಾರ್ಟ್‌ಮೆಂಟುಗಳ, ಮಕ್ಕಳು ಬೇಗ ಉಪಾಯ ಕಂಡುಕೊಂಡರು. ಒಬ್ಬಳು ಟೀವಿ ಮುಂದೆ ಕೂತು ಎಡಗೈಯನ್ನು ಸುಮ್ಮನೆ ಅಲ್ಲಾಡಿಸುತ್ತಿದ್ದಳು. ಇನ್ನೊಬ್ಬಳು ಸಂಜೆ ಪಟ್ಟಿಯನ್ನು ತಮ್ಮ ನಾಯಿಯ ಕಾಲಿಗೆ ಕಟ್ಟಿ ಬಿಡುತ್ತಿದ್ದಳು. ನಾಯಿಗೆ ಹಸಿರು ಬಣ್ಣ ಬಂತು, ಹಸಿರಿನವರಿಗೆಂದು ಇಟ್ಟಿದ್ದ ಪದಕ ಅವಳಿಗೆ ಸಿಕ್ಕಿತು. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಿಯಮ ಮಾತ್ರ ಹಾಗೆಯೇ ಉಳಿಯಿತು.

ಆ ಸೋಮವಾರ ನಮ್ಮ ಯಾದಗಿರಿಯ ಹುಡುಗಿಗೆ ಕೆಂಪು ಬಿತ್ತು. ಮುಂದಿನ ಸೋಮವಾರವೂ ಕೆಂಪು. ಆಟದ ಸರ್ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಮರಾಠಿಯಲ್ಲಿ ಆಳಶೀ ಮುಲಗೀ, ಸೋಮಾರಿ ಹುಡುಗಿ, ಎಂದರು. ಅವಳು ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದಳು. ನನ್ನ ಮೈ ಉರಿದುಹೋಯಿತು. ಈ ಮಗು ಶಾಲೆಯ ಬಸ್ಸಿನಲ್ಲಿ ಬರುವುದಿಲ್ಲ, ಕಾರಿನಲ್ಲಿ ಇಳಿಯುವುದಿಲ್ಲ, ಕಾಲುವೆ ದಾಟಿ ನಡೆದು ಬರುತ್ತದೆ, ಅದಕ್ಕೇ ಸೋಮಾರಿ ಎನ್ನುತ್ತೀರಲ್ಲ, ಬಾಯಿಗೆ ಬಂದದ್ದು ಅನ್ನುವುದೇ ಎಂದು ಅಲ್ಲೇ ಜಗಳ ತೆಗೆದೆ. ಅವರು ಭುಜ ಹಾರಿಸಿ, “ಮ್ಯಾಡಂ, ಯಂತ್ರ ಸುಳ್ಳು ಹೇಳುತ್ತದೆಯೇ?” ಎಂದು ಮರಾಠಿಯಲ್ಲಿ ಕೇಳಿದರು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಕೆಂಪು ಬಣ್ಣದ ಮಕ್ಕಳಿಗೆಂದು ಬೆಳಿಗ್ಗೆ ಆರೂವರೆಗೆ ವಿಶೇಷ ವ್ಯಾಯಾಮ ಶುರು ಮಾಡಿದರು. ಅದಕ್ಕೆ ಬಾರದವರು ಮೊದಲ ಅವಧಿಯಲ್ಲಿ ತರಗತಿಗೆ ಹೋಗದೆ ಮೈದಾನ ಸುತ್ತಬೇಕು. ಐದನೆಯ ತರಗತಿಗೆ ಮೊದಲ ಅವಧಿ ಯಾವುದು? ಗಣಿತ! ನಾನು ಕಪ್ಪುಹಲಗೆಯ ಮೇಲೆ ಸರಾಸರಿ ಬರೆಯುತ್ತಿದ್ದರೆ ಕಿಟಕಿಯಾಚೆ ಆ ಹುಡುಗಿ ಮೈದಾನ ಸುತ್ತುತ್ತಿರುತ್ತಿದ್ದಳು. ತರಗತಿಯಲ್ಲಿ ಲೆಕ್ಕ ಬಲ್ಲ ಒಬ್ಬಳನ್ನು ಹೆಜ್ಜೆಯ ಲೆಕ್ಕದ ಹೆಸರಿನಲ್ಲೇ ಲೆಕ್ಕದಿಂದ ಹೊರಗೆ ಹಾಕಿದ್ದರು. ದಿನವೂ ಅದನ್ನು ನೋಡುತ್ತ ಪಾಠ ಮಾಡುವುದು ನನ್ನ ಕೈಲಾಗಲಿಲ್ಲ.

“ಮುಂಜಾನಿ ಯಾಕ ಬರಂಗಿಲ್ಲ ನೀ?” ಎಂದು ಅವಳನ್ನು ನಲ್ಲಿಯ ಬಳಿ ಹಿಡಿದು ಕೇಳಿದೆ.

“ಆಗಂಗಿಲ್ರಿ ಅಕ್ಕೋರ. ಸಣ್ಣಾಕಿ ಅದಾಳ” ಅಂದಳು.

“ಯಾವ ಸಣ್ಣಾಕಿ?”

“ನಮ್ಮ ತಂಗಿರಿ.”

ಅಷ್ಟರಲ್ಲಿ ಗಂಟೆ ಹೊಡೆಯಿತು, ಓಡಿಹೋದಳು. ಆ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸ್ಕೂಟರನ್ನು ಅಲ್ಲೇ ಬಿಟ್ಟು ಅವಳ ಜೊತೆ ನಡೆದೆ.

ಕಾಲುವೆಯ ಸೇತುವೆ ದಾಟಿದರೆ ಬಲಕ್ಕೆ ಕಟ್ಟಡದ ಕೆಲಸದವರ ಪತ್ರಾಸಿನ, ತಗಡಿನ ಗುಡಿಸಲುಗಳ ಸಾಲು. ಮೊದಲ ಗುಡಿಸಲಿನಲ್ಲಿ ಅವರ ಊರಿನದೇ ಒಬ್ಬ ಮುದುಕಿ. ಬೆಳಿಗ್ಗೆ ಸೊಸೈಟಿಯಲ್ಲಿ ಕಸ ಗುಡಿಸಿ ಬಂದು, ಆಮೇಲೆ ಶಾಲೆ ಬಿಡುವವರೆಗೆ ಕೂಸನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಹುಡುಗಿ ಚೀಲ ಇಳಿಸಿದಳು. ಮುದುಕಿ ಒಳಗಿನಿಂದ ಒಂದು ದುಂಡನೆಯ ಹೆಣ್ಣು ಕೂಸನ್ನು ತಂದು ಅವಳ ಎಡ ಸೊಂಟದ ಮೇಲೆ ಕೂರಿಸಿದಳು. ವರ್ಷ ತುಂಬಿದ ಕೂಸು, ಗಟ್ಟಿಮುಟ್ಟಾಗಿತ್ತು. ಹುಡುಗಿಯ ಎಡಗೈ ಕೂಸಿನ ಕುಂಡೆಯ ಕೆಳಗೆ ಸೇರಿಕೊಂಡು ಅಲ್ಲೇ ಬಿಗಿಯಾಯಿತು. ಬಲಗೈಯಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದಳು. ನಮ್ಮ ಕಡೆ ಹೆಂಗಸರೆಲ್ಲ ಹೀಗೆಯೇ, ಎಡಕ್ಕೆ ಕೂಸು, ಬಲಗೈ ಕೆಲಸಕ್ಕೆ ಬಿಡುವು.

ಟ್ಯಾಂಕರಿನ ಬಳಿಗೆ ಹೋಗಿ ನೀರು ಹಿಡಿದಳು, ಗುಡಿಸಲಿಗೆ ತಂದು ಸುರಿದಳು, ಮತ್ತೆ ಹೋದಳು. ಎಷ್ಟು ಸಲ ಹೋಗಿ ಬಂದಳೋ, ಜೊತೆಗೆ ತಿರುಗಿ ನನ್ನ ಕಾಲೇ ಸೋತಿತು. “ಸಾಕಲ್ಲವ್ವ, ಕೂಡು ಸ್ವಲ್ಪ” ಅಂದೆ.

“ಕೂಸಿಗೆ ಹಸಿವಾಗ್ಯಾದ್ರಿ. ಅವ್ವನ ಕಡೆ ಒಯ್ಯಬೇಕು” ಅಂದಳು.

ಅವ್ವ ಕೆಳಗೆ ಇಳಿದು ಬರುವಂತಿಲ್ಲ, ಇಳಿದರೆ ಕೂಲಿಯವರ ಮೇಸ್ತ್ರಿ, ಮುಕಾದಮ, ಬೈಯುತ್ತಾನೆ. ಆದ್ದರಿಂದ ಕೂಸೇ ಮೇಲೆ ಹತ್ತಬೇಕು. ಹಿಡಿಗಂಬಿ ಇಲ್ಲದ ಹಸಿ ಸಿಮೆಂಟಿನ ಮೆಟ್ಟಿಲು, ಗೋಡೆಗೆ ಅಂಟಿಕೊಂಡು ಅವಳು ಸರಸರ ಹತ್ತಿದಳು. ನಾನು ಬಲಗೈಯಲ್ಲಿ ಸೀರೆಯ ನಿರಿಗೆ ಹಿಡಿದು, ದೇವರ ಹೆಸರು ಹೇಳುತ್ತ, ಏದುಸಿರು ಬಿಡುತ್ತ ಹಿಂದೆ ಹತ್ತಿದೆ. ಏಳನೆಯ ಮಹಡಿಯಲ್ಲಿ ಅವ್ವ ಬುಟ್ಟಿ ಇಳಿಸಿ, ಕಂಬದ ಮರೆಗೆ ಕೂತು ಕೂಸಿಗೆ ಹಾಲು ಕುಡಿಸಿದಳು. ನನ್ನನ್ನು ಕಂಡು ಗಾಬರಿಯಾಗಿ ಏಳಲು ಹೋದಳು, ಬೇಡ ಎಂದೆ. ಆಗಲೇ ನನ್ನ ಕಣ್ಣು ಹುಡುಗಿಯ ಎಡಗೈಯ ಪಟ್ಟಿಯ ಮೇಲೆ ಬಿತ್ತು.

ಯಂತ್ರ ಸುಳ್ಳು ಹೇಳುತ್ತದೆಯೇ ಎಂಬ ಮಾತು ಕೊರೆಯುತ್ತಿದ್ದರಿಂದ, ಗುಡಿಸಲು ಮುಟ್ಟಿದಾಗ ಇಬ್ಬರ ಪಟ್ಟಿಯನ್ನೂ ನೋಡಿಕೊಂಡಿದ್ದೆ. ನನ್ನದು ಬಹಳ ದೂರ ಓಡಿತ್ತು. ಅವಳದು, ಕೂಸನ್ನು ಎತ್ತಿಕೊಂಡಾಗಿನಿಂದ, ಅಲ್ಲೇ ಕೂತಂತೆ ಇತ್ತು. ಒಂದೇ ದಾರಿ, ಒಂದೇ ಮೆಟ್ಟಿಲು, ಅವಳದು ನನಗಿಂತ ಗಿಡ್ಡ ಕಾಲು, ಅದರ ಮೇಲೆ ಒಂದು ಕೂಸು ಮತ್ತು ಒಂದು ಕೊಡ. ಕೈ ಬೀಸಿದರೆ ಮಾತ್ರ ಅದು ಹೆಜ್ಜೆ ಎಂದು ಆ ಹಾಳು ಯಂತ್ರಕ್ಕೆ ತಿಳಿಯುತ್ತದೆ. ಕೈ ಬೀಸಲು ಪುರುಸೊತ್ತಿಲ್ಲದವರು ಅದರ ಪಾಲಿಗೆ ನಡೆಯುವುದೇ ಇಲ್ಲ! ಅವತ್ತು ಖಾಲಿ ಇದ್ದಾಗಿನದೋ ಎತ್ತಿಕೊಂಡಾಗಿನದೋ ಎಂದು ಅವಳು ಕೇಳಿದ್ದು ಪಾಟೀಚೀಲದ ಮಾತಲ್ಲ ಎಂದು ಆ ಏಳನೆಯ ಮಹಡಿಯಲ್ಲಿ ನನಗೆ ಹೊಳೆಯಿತು. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು.

ಮನೆಗೆ ಬಂದು ಖಾತ್ರಿ ಮಾಡಿಕೊಳ್ಳಲು ಜೋಳದ ಹಿಟ್ಟಿನ ಡಬ್ಬಿಯನ್ನು ಎಡ ಸೊಂಟಕ್ಕೆ ಒತ್ತಿಕೊಂಡು ಅಡುಗೆಮನೆಯಿಂದ ಬಾಲ್ಕನಿಗೂ ಬಾಲ್ಕನಿಯಿಂದ ಅಡುಗೆಮನೆಗೂ ನಡೆಯತೊಡಗಿದೆ. ಯಜಮಾನರು ಪೇಪರ್ ಕೆಳಗಿಳಿಸಿ ನೋಡಿದರು.

“ಏನ ಇದು, ಹಿಟ್ಟಿಗೆ ವಾಕಿಂಗ್ ಮಾಡಸಾಕತ್ತೀಯೇನು?”

“ಸುಮ್ನ ಕೂಡ್ರಿ. ಲೆಕ್ಕ ಮಾಡಾಕತ್ತೀನಿ.”

“ನಾಳೆ ಅಕ್ಕಿ ಡಬ್ಬಿನೂ ಒಯ್ಯು ಮತ್ತ. ಅದಕ್ಕೂ ಬೊಜ್ಜ ಬಂದದ.”

ಪಟ್ಟಿ ನೋಡಿದೆ. ನಾಲ್ಕಾರು ಹೆಜ್ಜೆಗಿಂತ ಹೆಚ್ಚು ಏರಿರಲಿಲ್ಲ. ಡಬ್ಬಿ ಇಳಿಸಿ, ಕೈ ಬೀಸಿಕೊಂಡು ಅಷ್ಟೇ ದೂರ ನಡೆದೆ, ಸರಸರ ಏರಿತು. ವಿಷಯ ಏನು ಎಂದು ಹೇಳಿದ ಮೇಲೆ ಯಜಮಾನರ ನಗೆ ನಿಂತಿತು. “ನಾಳೆ ಡಬ್ಬಿ ನಾನ ಗಾಡೀಮ್ಯಾಲ ಇಟ್ಟ ಕೊಡ್ತೀನಿ” ಅಂದರು.

ಮರುದಿನ ಹಿಟ್ಟಿನ ಡಬ್ಬಿಯ ಸಮೇತ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಹೋದೆ. ಆಟದ ಸರ್ ಅವರನ್ನೂ ಕರೆಸಿದೆ. “ಇದನ್ನು ಎಡ ಸೊಂಟಕ್ಕೆ ಇಟ್ಟುಕೊಂಡು ಮೈದಾನದ ಒಂದು ಸುತ್ತು ಹಾಕಿ ಬನ್ನಿ” ಎಂದೆ. ಅವರು ಮೊದಲು ನಾಚಿದರು, ಆಮೇಲೆ ಬೇಸರ ತೋರಿಸಿದರು. ಮೇಡಂ ಕಣ್ಣಿನಲ್ಲೇ ಹೋಗಿ ಎಂದ ಮೇಲೆ ಹೋದರು. ಊಟದ ಬಿಡುವಿನ ಹೊತ್ತು, ಮಕ್ಕಳೆಲ್ಲ ಡಬ್ಬಿ ಹೊತ್ತ ಸರ್ ಹಿಂದೆ ಮೆರವಣಿಗೆ ಹೊರಟರು. ಬೆವರಿ, ಒಂದು ಕಡೆ ವಾಲಿಕೊಂಡು ಬಂದು ಡಬ್ಬಿ ಇಳಿಸಿ, ಪಟ್ಟಿ ನೋಡಿ, ಅದನ್ನು ಮೇಡಂ ಮುಂದೆ ಹಿಡಿದರು. ಮೇಡಂ ಕನ್ನಡಕ ಏರಿಸಿ ನೋಡಿದರು. ಅಂಕಿ ಇದ್ದಲ್ಲೇ ಇತ್ತು, ಆಗ ನಾನು ಆ ಹುಡುಗಿಯ ಹಿಂದೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ.

ಈಗ ಸರಿಹೋಗುತ್ತದೆ ಎಂದು ನಾನು ನಂಬಿದೆ. ನನ್ನ ಇಷ್ಟು ವರ್ಷದ ಅನುಭವಕ್ಕೆ ಬೆಂಕಿ ಹಾಕಬೇಕು. ಮೇಡಂ ಕೇಳಿದ್ದು ಆ ಮಗುವಿಗೆ ಎಷ್ಟು ದಣಿವಾಗುತ್ತದೆ ಎಂದಲ್ಲ. ಅವಳಿಗೆ ಗಣಿತದ ಪಾಠ ತಪ್ಪಿಸಿದ್ದು ತಪ್ಪಾಯಿತು ಎಂದೂ ಹೇಳಲಿಲ್ಲ. “ನಮ್ಮ ಶಾಲೆಯ ಮಗು ಕಟ್ಟಡದಲ್ಲಿ ಕೂಸು ಹೊತ್ತು ತಿರುಗುತ್ತದೆಯೇ? ಯಾರಾದರೂ ಫೋಟೋ ತೆಗೆದರೆ ಶಾಲೆಯ ಮರ್ಯಾದೆ ಏನಾಗಬೇಕು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಚೇರಿಗೆ ಹೇಳಿ ಹುಡುಗಿಯ ಅಪ್ಪನಿಗೆ ಫೋನ್ ಮಾಡಿಸಿದರು. ಕ್ಲಾರ್ಕ್ ಹಿಂದಿಯಲ್ಲಿ ಗದರಿದ: ಇನ್ನು ಮೇಲೆ ಹುಡುಗಿ ಕೂಸನ್ನು ಎತ್ತಿಕೊಳ್ಳಕೂಡದು, ಎತ್ತಿಕೊಂಡದ್ದು ಕಂಡರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ನಾನು ಅಲ್ಲೇ ನಿಂತು ಕೂಗಾಡಿದೆ. ಮೇಡಂ ನನಗೆ ನೀರು ತರಿಸಿ ಕೊಟ್ಟು, ಮಗುವಿನ ಒಳ್ಳೆಯದಕ್ಕೇ ಅಲ್ಲವೇ ಎಂದು ಕೇಳಿದರು.

ಬೆಳಗಿನ ವ್ಯಾಯಾಮದಿಂದ ಅವಳ ಹೆಸರು ತೆಗೆದರು, ಅದು ನಿಜ. ಮರುದಿನ ಮೊದಲ ಅವಧಿಯಲ್ಲಿ ಮೈದಾನ ಖಾಲಿ ಇತ್ತು. ಅವಳ ಬೆಂಚೂ ಖಾಲಿ ಇತ್ತು. ಅದರ ಮರುದಿನವೂ ಖಾಲಿ. ಆ ವಾರ ಪೂರ್ತಿ ಅವಳು ಬರಲಿಲ್ಲ. ಕಚೇರಿಯವರಿಗೆ ಕೇಳಿದರೆ, ಇಂಥ ಮಕ್ಕಳು ಹೀಗೇ ಬಿಟ್ಟು ಹೋಗುತ್ತಾರೆ ಮ್ಯಾಡಂ, ಇವರನ್ನು ನೆಚ್ಚಿಕೊಳ್ಳಬಾರದು ಎಂದರು. ಬಿಡಿಸಿದವರೇ ಬಿಟ್ಟುಹೋದರು ಎನ್ನುವುದನ್ನು ಕೇಳಿ ಹಲ್ಲು ಕಡಿದುಕೊಂಡೆ.

ಭಾನುವಾರ ಗುಡಿಸಲಿಗೆ ಹೋದೆ. ಅವ್ವ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು, ಎಡ ಸೊಂಟದ ಮೇಲೆ ಕೂಸು ನಿದ್ದೆ ಹೋಗಿತ್ತು. ಕೈಯಲ್ಲಿ ಆ ಪಟ್ಟಿ ಇನ್ನೂ ಇತ್ತು. ಬಿಚ್ಚಬಾರದು ಎಂದು ಹೇಳಿದ್ದರಲ್ಲ, ಶಾಲೆ ಬಿಟ್ಟರೂ ಬಿಚ್ಚಿರಲಿಲ್ಲ. ನಾನು ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದ್ದೇ ತಡ, ಅವ್ವ ಕೈಯಲ್ಲಿದ್ದ ಬಟ್ಟೆಯನ್ನು ಬಕೀಟಿಗೆ ಎಸೆದಳು.

“ಹ್ಯಾಂಗ ಕಳಸ್ಲಿರಿ ಅಕ್ಕೋರ? ಪೊಲೀಸ್ರ ಹೆಸರ ತಗದಾರ. ಆ ಮಾತ ಕೇಳಿ ಕೂಸ ನೋಡ್ಕೊಳ್ಳೂ ಮುದುಕಿ ಆಯಿ ಹೆದರಿ, ನಾ ಒಲ್ಲೆ ಯವ್ವಾ, ನಿಮ್ಮ ಕೂಸ ನೀವ ನೋಡ್ಕೋರಿ ಅಂದಳು. ಕೂಸಿನ್ನ ಎತ್ತಬ್ಯಾಡ ಅಂತ ನಿಮ್ಮ ಸಾಲ್ಯಾಗ ಹೇಳಿದ್ರು. ಈಗ ನೋಡ್ರಿ, ಹೊತ್ತ ಹೊಂಟಾಗಿಂದ ಮುಳಗೋತನಾ ಇಕಿನ ಟೊಂಕದ ಮ್ಯಾಲೇ ಕುಂದ್ರಲತ್ತದ. ನಾ ಬುಟ್ಟಿ ಹೊರೂದ ಬಿಟ್ಟರ ಉಣ್ಣೂದೇನ್ರಿ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿ, ಆದರೆ ಸಿಟ್ಟು ತಗ್ಗಿಸದೆ ಕೇಳಿದಳು:

“ನೀವು ಅವತ್ತ ಬಂದ ನೋಡಿ ಹೋದ್ರಿ. ನೀವ ಹೇಳಿರಬೇಕು, ನಾ ಇಲ್ಲಂಗಿಲ್ಲ. ಈಗ ಕೂಸಿನ್ನ ಯಾರ ಎತ್ಗೋಬೇಕ್ರಿ? ನೀವು ಎತ್ಗೋತೀರೇನು?”

ಅವಳು ಉತ್ತರ ಬಯಸಿ ಕೇಳಿದ್ದಲ್ಲ. ಆದರೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಸಿಟ್ಟೂ ನನ್ನ ಸಿಟ್ಟೂ ಒಂದೇ ಕಡೆ ಮುಖ ಮಾಡಿದ್ದವು.

“ಎತ್ಗೋತೀನಿ” ಅಂದೆ. “ನಾಳೆ ಇಬ್ಬರನ್ನೂ ಕಳಸು. ಸಣ್ಣಾಕಿನ್ನೂ ಕಳಸು.”

“ಬಾಯಿಮಾತ ಆಡಬ್ಯಾಡ್ರಿ.”

“ಬಾಯಿಮಾತ ಅಲ್ಲವ್ವ. ನಾ ಗೇಟಿನಾಗ ನಿಂತಿರ್ತೀನಿ.”

ಸೋಮವಾರ ಬೆಳಿಗ್ಗೆ ನಿಂತಿದ್ದೆ. ಸಮವಸ್ತ್ರ ಹಾಕಿಕೊಂಡು, ಬೆನ್ನಿಗೆ ಚೀಲ, ಸೊಂಟಕ್ಕೆ ತಂಗಿ, ಹೀಗೆ ಅವಳು ಬಂದಳು. ಕೂಸಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಹಣೆಯ ಮೂಲೆಗೆ ದೃಷ್ಟಿಬೊಟ್ಟು ಇಟ್ಟಿದ್ದರು. ವಾಚ್‌ಮನ್ ಅಡ್ಡ ಬಂದ. ನಾನು ಕೂಸನ್ನು ತೆಗೆದುಕೊಂಡು ನನ್ನ ಎಡ ಸೊಂಟದ ಮೇಲೆ ಕೂರಿಸಿಕೊಂಡೆ. “ಈಗ ಯಾರನ್ನು ತಡೆಯುತ್ತೀಯ?” ಎಂದು ಮರಾಠಿಯಲ್ಲಿ ಕೇಳಿದೆ. ಅವನಿಗೂ ಸಂಬಳ ಬೇಕಲ್ಲ, ಪಕ್ಕಕ್ಕೆ ಸರಿದ.

ಮೊದಲ ಅವಧಿ ಸರಾಸರಿಯ ಪಾಠವೇ ಇತ್ತು. ಎಡಕ್ಕೆ ಕೂಸು, ಬಲಗೈಯಲ್ಲಿ ಸೀಮೆಸುಣ್ಣ, ಹಾಗೆಯೇ ಹಲಗೆಯ ಮೇಲೆ ಬರೆದೆ. ಮಕ್ಕಳು ಸ್ವಲ್ಪ ಹೊತ್ತು ಕಿಸಿಕಿಸಿ ನಕ್ಕರು, ಆಮೇಲೆ ಪಾಠಕ್ಕೆ ಹೊಂದಿಕೊಂಡರು. ಕೂಸು ನನ್ನ ಮಂಗಳಸೂತ್ರ ಬಾಯಿಗೆ ಹಾಕಿಕೊಂಡು ಕೂತಿತ್ತು. ಅರ್ಧ ಅವಧಿ ಮುಗಿಯುವ ಮೊದಲೇ ನನ್ನ ತೋಳು ಜೋಮು ಹಿಡಿಯಿತು, ಸೊಂಟ ಕಳಚಿ ಬೀಳುತ್ತದೋ ಎನ್ನುವಷ್ಟು ನೋವು. ಇಳಿಸಲಿಲ್ಲ. ಹಟವೆಂದರೆ ಹಟ. ಯಾದಗಿರಿಯ ಹುಡುಗಿ ತನ್ನ ಬೆಂಚಿನಲ್ಲಿ ಕೂತು, ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ತಪ್ಪಿಹೋದ ಲೆಕ್ಕಗಳನ್ನೆಲ್ಲ ಒಂದರ ಹಿಂದೊಂದು ಬಿಡಿಸುತ್ತಿದ್ದಳು.

ಪ್ರಿನ್ಸಿಪಾಲ್ ಮೇಡಂ ಬಾಗಿಲಿಗೆ ಬಂದು ನಿಂತರು. ಪಾಠ ನಿಲ್ಲಿಸದೆ ಗಂಟೆ ಬಾರಿಸುವವರೆಗೆ ಕಾಯಿಸಿದೆ. ಆಮೇಲೆ ವರಾಂಡದಲ್ಲಿ ಅವರು ಇದೆಲ್ಲ ಎಷ್ಟು ದಿನ ಎಂದು ಕೇಳಿದರು. ನಮ್ಮ ಶಾಲೆಯ ಕೆಳಮಹಡಿಯಲ್ಲಿ ಶಿಕ್ಷಕಿಯರ ಚಿಕ್ಕ ಮಕ್ಕಳಿಗೆಂದು ಒಂದು ಕೋಣೆ ಇದೆ. ಆಯಾ ಇದ್ದಾಳೆ, ತೊಟ್ಟಿಲು ಇದೆ, ಗೋಡೆಗೆ ಆನೆ ಒಂಟೆಯ ಚಿತ್ರ ಇದೆ. ಅಲ್ಲಿರುವುದು ಎರಡೇ ಮಕ್ಕಳು. “ಆ ಬಾಗಿಲು ತೆರೆಯುವ ತನಕ” ಎಂದೆ. ಅದು ಸಿಬ್ಬಂದಿಯ ಮಕ್ಕಳಿಗೆ ಮಾತ್ರ ಎಂದರು. ನನ್ನ ಮಕ್ಕಳಿಬ್ಬರೂ ಕಾಲೇಜಿಗೆ ಹೋಗುತ್ತಾರೆ, ನನ್ನ ಪಾಲಿನ ಜಾಗ ಖಾಲಿ ಬಿದ್ದಿದೆ, ಅದನ್ನು ಈ ಕೂಸಿಗೆ ಕೊಡಿ ಎಂದೆ. ನಿಯಮ ಎಂದರು. “ಹಾಗಾದರೆ ನಾಳೆಯೂ ಹೀಗೆಯೇ ಪಾಠ ಮಾಡುತ್ತೇನೆ, ನಾಡಿದ್ದು ಪಾಲಕರ ಸಭೆ ಇದೆ, ಅವತ್ತೂ ಹೀಗೆಯೇ ಬರುತ್ತೇನೆ. ಫೋಟೋದ ಚಿಂತೆ ಇತ್ತಲ್ಲ ನಿಮಗೆ, ಅವತ್ತು ಬೇಕಾದಷ್ಟು ಜನ ತೆಗೆಯುತ್ತಾರೆ” ಎಂದೆ. ಊಟದ ಬಿಡುವಿನ ಹೊತ್ತಿಗೆ ಬಾಗಿಲು ತೆರೆಯಿತು. ತಾತ್ಕಾಲಿಕವಾಗಿ ಮಾತ್ರ, ಮತ್ತು ಇದನ್ನು ಯಾರಿಗೂ ಹೇಳಬಾರದು ಎಂಬ ಷರತ್ತು ಹಾಕಿದರು. ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಗೋಡೆಯ ಮೇಲಿನ ಕೆಂಪು ಮಾತ್ರ ಅಳಿಯಲಿಲ್ಲ. ಕೂಸು ಎತ್ತಿಕೊಂಡು ನಡೆದ ಹೆಜ್ಜೆಗೆ ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದು ಆಟದ ಸರ್ ಕೈ ಚೆಲ್ಲಿದರು. ಹಾಗಿದ್ದರೆ ಆ ಬಣ್ಣದ ಹಾಳೆಯನ್ನು ಗೋಡೆಯಿಂದ ತೆಗೆಯಿರಿ ಎಂದರೆ, ಶಿಕ್ಷಣ ಇಲಾಖೆಯವರು ನೋಡಲು ಬರುತ್ತಾರಂತೆ, ಆಗಲಿಲ್ಲ. ನಾನೇ ಹೋಗಿ ಆ ಅಳುಮೋರೆಯ ಮುಖವನ್ನು ಉಗುರಿನಿಂದ ಕಿತ್ತು ಹಾಕಿದೆ. ಯಾರೂ ಕೇಳಲಿಲ್ಲ.

ಕೋಣೆಯ ಬಾಗಿಲು ತೆರೆದ ಆ ಮೊದಲ ದಿನ ಮಧ್ಯಾಹ್ನ ಶಾಲೆ ಬಿಟ್ಟಾಗ ಹುಡುಗಿ ಕೆಳಮಹಡಿಗೆ ಬಂದಳು. ಕೂಸು ಹಾಲು ಕುಡಿದು, ಮಲಗಿ ಎದ್ದು ಆಡುತ್ತಿತ್ತು. ಅಕ್ಕನನ್ನು ಕಂಡದ್ದೇ ಕೈ ಚಾಚಿತು. ಅವಳು ಎತ್ತಿಕೊಂಡು, ಎಡಕ್ಕೆ ಸರಿಮಾಡಿಕೊಂಡು, ನಾನು ತೋಳು ಉಜ್ಜಿಕೊಳ್ಳುತ್ತಿದ್ದುದನ್ನು ನೋಡಿದಳು.

“ಕೈ ನೋಯ್ತೇನ್ರಿ ಅಕ್ಕೋರ?”

“ನೋಯ್ತವ್ವ. ಭಾಳ ನೋಯ್ತು.”

ಅವಳು ಹತ್ತಿರ ಬಂದು ನನ್ನ ತೋಳನ್ನು ಬಲಗೈಯಿಂದ ಮೆಲ್ಲಗೆ ಸವರಿದಳು. ದೊಡ್ಡವರು ಸಣ್ಣವರಿಗೆ ಹೇಳುವ ದನಿಯಲ್ಲಿ ಹೇಳಿದಳು:

“ಮೊದಲ ಮೊದಲ ನೋಯ್ತದರಿ. ಆಮ್ಯಾಲ ಗೊತ್ತಾಗಂಗಿಲ್ಲ.”

ಹತ್ತು ವರ್ಷದ ಹುಡುಗಿ ನನಗೆ ಸಮಾಧಾನ ಹೇಳಿ, ಕೂಸನ್ನು ಇನ್ನೊಮ್ಮೆ ಮೇಲೆ ಎತ್ತಿ ಸರಿಮಾಡಿಕೊಂಡು ಕಾಲುವೆಯ ಕಡೆ ನಡೆದಳು. ನನಗೆ ಸಮಾಧಾನವಾಗಲಿಲ್ಲ. ಆಗುವುದೂ ಬೇಡ.